ಟ್ಯೂಬ್‌ಲೈಟ್ ಆರಿಸಿದ ಕೈ

ನಾನು ನಿಂತಿದ್ದದ್ದು ಹೆರಿಗೆ ಕೋಣೆಯ ಹೊರಗೆ, ಬಾಗಿಲಿಗೂ ಕುಡಿಯುವ ನೀರಿನ ಡ್ರಮ್ಮಿಗೂ ನಡುವೆ. ಹನೂರಿನಿಂದ ಕೌದಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿರುವ ಸಣ್ಣ ಆಸ್ಪತ್ರೆ ಅದು. ಕಳೆದ ವರ್ಷ, ಅರಿಸಿನ ಕೀಳುವ ತಿಂಗಳು, ಮಧ್ಯಾಹ್ನದ ಊಟ ಮುಗಿದ ಹೊತ್ತು. ಬಾಗಿಲಿನ ಮರ ಉಬ್ಬಿಕೊಂಡು ಪೂರ್ತಿ ಮುಚ್ಚುತ್ತಿರಲಿಲ್ಲ. ಅಂಗೈ ಅಗಲದ ಸಂದಿಯಲ್ಲಿ ಮಂಚದ ತಲೆಭಾಗ, ನನ್ನ ಹೆಂಡತಿಯ ಮುಖ, ಗೋಡೆಯ ಸ್ವಿಚ್ಚುಗಳು ಕಾಣುತ್ತಿದ್ದವು. ಅದಕ್ಕಿಂತ ಹೆಚ್ಚು ನಾನು ನೋಡಿಲ್ಲ. ಉಳಿದದ್ದು ಕಿವಿಗೆ ಬಿದ್ದದ್ದು.

ಅವಳಿಗೆ ಅದು ಎರಡನೆಯ ಹೆರಿಗೆ. ಮೊದಲನೆಯ ಮಗು ಅಳಲಿಲ್ಲ. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಆದದ್ದು. ಯಾರ ತಪ್ಪೂ ಅಲ್ಲ ಎಂದು ಅಲ್ಲಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು. ನಾನು ನಂಬಿದೆ, ಈಗಲೂ ನಂಬುತ್ತೇನೆ. ಹೆಂಡತಿ ಆ ದಿನದ ಬಗ್ಗೆ ಮಾತೇ ಆಡಲಿಲ್ಲ. ನಮ್ಮವ್ವ ಒಂದೇ ಮಾತು ಆಡುತ್ತಿದ್ದಳು, ಅದೂ ಸೊಪ್ಪು ಸೋಸುವಾಗಲೋ ಕಸ ಗುಡಿಸುವಾಗಲೋ, ತನಗೆ ತಾನೇ: "ದೀಪ ಬುಟ್ಟು ಓಗ್ಬಾರ್ದಿತ್ತು."

ಧನಗೆರೆಯ ನಮ್ಮ ಮನೆಯಲ್ಲಿ, ಬಸುರಿಗೆ ನೋವು ಶುರುವಾದರೆ ಒಳಕೋಣೆಯಲ್ಲಿ ಹರಳೆಣ್ಣೆಯ ದೀಪ ಹಚ್ಚುತ್ತಾರೆ. ಹೊಕ್ಕುಳಬಳ್ಳಿ ಕುಯ್ದ ಸುದ್ದಿ ಬರುವ ತನಕ ಅದು ಆರಬಾರದು. ಮನೆಯ ಹಿರಿಯ ಹೆಂಗಸು ಪಕ್ಕದಲ್ಲೇ ಕೂತು ಎಣ್ಣೆ ಹೊಯ್ಯುತ್ತಿರಬೇಕು. ಹೆರಿಗೆಗಳು ಮನೆ ಬಿಟ್ಟು ಆಸ್ಪತ್ರೆಗೆ ಹೋದ ಮೇಲೂ ದೀಪ ಮನೆಯಲ್ಲೇ ಉಳಿದಿದೆ. ಮೊದಲ ಸಲ ಅವ್ವ ತಡೆಯಲಾರದೆ ಅದನ್ನು ಬಿಟ್ಟು, ನಮ್ಮ ಹಿಂದೆಯೇ ಬಸ್ಸು ಹತ್ತಿ ಬಂದುಬಿಟ್ಟಿದ್ದಳು. ವಾಪಸು ಹೋದಾಗ ದೀಪ ಆರಿ ಬತ್ತಿ ಕರಿಕಟ್ಟಿತ್ತು.

ಈ ಸಲ ಚಿಕ್ಕವ್ವನನ್ನು ದೀಪದ ಪಕ್ಕ ಕೂರಿಸಿ ಬಂದಿದ್ದಳು. ಆದರೂ ಮನಸ್ಸು ನಿಲ್ಲದೆ ಹೆರಿಗೆ ಕೋಣೆಯಿಂದ ಆಗಾಗ ಹೊರಗೆ ಬಂದು ನನ್ನ ಫೋನು ಕಿತ್ತುಕೊಳ್ಳುತ್ತಿದ್ದಳು.

"ಉರೀತಾ ಅದಾ?"

"ಉರೀತಾ ಅದೆ ಕಣಕ್ಕ," ಎಂದು ಚಿಕ್ಕವ್ವನ ದನಿ ಫೋನಿನಿಂದ ನನಗೂ ಕೇಳುತ್ತಿತ್ತು. "ನೀ ಓದಾಗಿಂದ ಉಚ್ಚೆಗೂ ಎದ್ದಿಲ್ಲ ನಾನು. ಅಲ್ಲಿ ಎರೋಳ್ಗಿಂತ ನಂಗೇ ಜಾಸ್ತಿ ನೋವು."

ಈ ಆಸ್ಪತ್ರೆಯನ್ನು ಆರಿಸಿದವಳು ನನ್ನ ಹೆಂಡತಿ. ಇಲ್ಲಿಯ ಡಾಕ್ಟರಮ್ಮ ಹೆರಿಗೆ ಕೋಣೆಯ ಕಿಟಕಿಗೆ ದಪ್ಪ ಪರದೆ ಹಾಕಿಸಿ, ಗೋಡೆಗೆ ಜೇನಿನ ಬಣ್ಣದ ಸಣ್ಣ ದೀಪವೊಂದನ್ನು ಕೂರಿಸಿದ್ದರು. ತಿರುಪು ತಿರುಗಿಸಿದರೆ ಬೆಳಕು ಹೆಚ್ಚುಕಡಿಮೆ ಆಗುತ್ತಿತ್ತು. ನೋವು ತಿನ್ನುವ ಹೊತ್ತಿನಲ್ಲಿ ಟ್ಯೂಬ್‌ಲೈಟ್ ಆರಿಸಿ ಅದೊಂದನ್ನೇ ಇಡುತ್ತಿದ್ದರು. ತಿಂಗಳ ತಪಾಸಣೆಗೆ ಹೋದಾಗ ನರ್ಸು ಅದನ್ನು ತೋರಿಸಿ, "ಇದೇನು ಔಷಧಿ ಅಲ್ಲ ಕಣಮ್ಮ. ನೋವು ಓಯ್ತದೆ ಅಂತ ನಾನು ಹೇಳಲ್ಲ. ಕಣ್ಣಿಗೆ ಚುಚ್ಚದಿದ್ರೆ ಕೆಲವ್ರಿಗೆ ಮೈ ಬಿಗಿ ಬುಡ್ತದೆ, ಅಷ್ಟೆ," ಎಂದಿದ್ದರು.

"ಬಿಳೀ ಲೈಟು ಹಾಕೋದೇ ಇಲ್ವಾ?" ಎಂದು ನನ್ನ ಹೆಂಡತಿ ಕೇಳಿದಳು. ಆಸ್ಪತ್ರೆಯಲ್ಲಿ ಅವಳು ಬಾಯಿ ಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು.

"ಅಗತ್ಯ ಬಿದ್ರೆ ಹಾಕ್ತೀವಿ. ಇಲ್ದಿದ್ರೆ ಟಾರ್ಚಲ್ಲೇ ನೋಡ್ತೀವಿ."

ಬಸ್ಸಿನಲ್ಲಿ ಅವಳು, "ಇಲ್ಲೇ ಬರನ," ಎಂದಳು. ಯಾಕೆಂದು ನಾನು ಕೇಳಲಿಲ್ಲ. ಅವ್ವ ತಪಾಸಣೆಗೆ ಬಂದವಳಲ್ಲ. ಆ ದೀಪದ ವಿಷಯ ಅವಳಿಗೆ ತಿಳಿದಿರಲಿಲ್ಲ.

ಆ ಮಧ್ಯಾಹ್ನ ಅವ್ವ ಫೋನಿಗೆಂದು ಹೊರಗೆ ಬಂದಿದ್ದಾಗ ನರ್ಸು ಟ್ಯೂಬ್‌ಲೈಟ್ ಆರಿಸಿದರು. ಸಂದಿಯಲ್ಲಿ ನೋಡುತ್ತಿದ್ದೆ. ಹೆಂಡತಿಯ ಹಣೆಯ ಗಂಟು ಸಡಿಲವಾಯಿತು. ನೋವು ಬಂದಾಗ ಮಂಚದ ಸರಳು ಹಿಡಿದು ಉದ್ದಕ್ಕೆ ಉಸಿರು ಬಿಟ್ಟಳು, ಹೋದಾಗ ಸರಳು ಬಿಟ್ಟಳು. "ಇಂಗೇ ಇರ್ಲಿ ಸಿಸ್ಟರ್," ಎಂದಳು.

ಅವ್ವ ಬಿಸಿಲಿನ ಜಗುಲಿಯಿಂದ ತಿರುಗಿ ಬಂದಳು. ಬಿಸಿಲು ನೋಡಿದ ಕಣ್ಣಿಗೆ ಆ ಕೋಣೆ ಗವಿಯ ಹಾಗೆ ಕಂಡಿರಬೇಕು. ನನ್ನನ್ನು ಪಕ್ಕಕ್ಕೆ ನೂಕಿ ಒಳಗೆ ಹೋಗಿ, ಕೈಗೆ ಸಿಕ್ಕಿದ ಸ್ವಿಚ್ಚನ್ನೆಲ್ಲ ಒತ್ತಿದಳು. ಟ್ಯೂಬ್‌ಲೈಟ್ ಎರಡು ಸಲ ಮಿಟುಕಿ ಹತ್ತಿಕೊಂಡಿತು.

"ಯಾರು ದೀಪ ಆರ್ಸಿದ್ದು?"

ಹೆಂಡತಿಯ ಮುಖ ಕಲ್ಲಾಯಿತು. ಕಣ್ಣು ಬಿಗಿಯಾಗಿ ಮುಚ್ಚಿದಳು, ದವಡೆ ಕಚ್ಚಿದಳು. ನೋವು ಬಂದದ್ದು ಮಂಚ ಅಲುಗಿದ್ದರಿಂದ ತಿಳಿಯಿತೇ ಹೊರತು ಅವಳಿಂದ ಒಂದು ದನಿಯೂ ಹೊರಡಲಿಲ್ಲ. ಉಸಿರನ್ನು ಒಳಗೇ ಹಿಡಿದಿದ್ದಳು.

"ಆಫ್ ಮಾಡಿ ಅಮ್ಮ," ಎಂದರು ನರ್ಸು.

ಅವ್ವ ಸ್ವಿಚ್ಚುಗಳ ಮೇಲೆ ಅಂಗೈ ಅಡ್ಡ ಇಟ್ಟುಕೊಂಡು ನಿಂತಳು. "ಮಾಡಲ್ಲ. ಒಂದ್ಸಲ ಆರೋಗಿದ್ದೇ ಸಾಕು."

"ದೀಪ ಆರಿಲ್ಲ. ಅಲ್ನೋಡಿ ಗೋಡೆ ಮೇಲೆ, ಉರೀತಾ ಅದೆ."

"ಅದ್ಯಾವ ಸೀಮೆ ದೀಪ? ಎಣ್ಣೆ ಇಲ್ಲ, ಬತ್ತಿ ಇಲ್ಲ. ಕಳ್ಳೆಪುರಿ ಗಾಡಿ ಬಲ್ಬು ಇದ್ದಂಗದೆ."

ನರ್ಸು ಅವ್ವನ ಭುಜ ಹಿಡಿದು ಹೊರಗೆ ಕಳಿಸಲು ಹೊರಟರು. ಅಷ್ಟರಲ್ಲಿ ಹೆಂಡತಿ ಕಣ್ಣು ತೆರೆಯದೆಯೇ, "ಅತ್ತೆ," ಎಂದಳು. ಇಬ್ಬರೂ ನಿಂತರು.

"ಅವತ್ತೂ ಇಂಗೇ ಬೆಳ್ಳಗಿತ್ತು. ಕೂಸ ಎತ್ತಿ ಹಿಡುದ್ರು. ಮಂಡೆ ಕೂದ್ಲು ಒಂದೊಂದೂ ಕಾಣ್ತು. ಈಗ ಬಾಯಿ ತೆರೀತದೆ, ಈಗ ತೆರೀತದೆ ಅಂತ ನೋಡ್ತಾನೇ ಇದ್ದೆ." ಮತ್ತೆ ನೋವು ಬಂದು ಮಾತು ನಿಂತಿತು. ಅದು ಇಳಿದ ಮೇಲೆ ಹೇಳಿದಳು: "ಈ ಬೆಳ್ಕಲ್ಲಿ ನಂಗೆ ಅದೇ ಕಾಣ್ತದೆ. ಈ ಕೂಸ ನೆನ್ಸ್ಕಳಕ್ಕೇ ಆಗಲ್ಲ."

ಮೂರು ವರ್ಷ ಒಂದೇ ಮನೆಯಲ್ಲಿದ್ದೂ ಇದು ನನಗೆ ತಿಳಿದಿರಲಿಲ್ಲ. ಅವ್ವನಿಗೂ ತಿಳಿದಿರಲಿಲ್ಲ ಎಂಬುದು ಅವಳು ನಿಂತ ರೀತಿಯಲ್ಲೇ ಕಂಡಿತು.

"ಆರ್ಸ್ಬೇಕಾ ಮಗ?" ಎಂದು ಅವ್ವ ಸೊಸೆಯನ್ನು ಕೇಳಿದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಊಂ. ನೀವೇ ಆರ್ಸಿ."

ಹೆರುವ ಹೆಂಗಸಿನ ಮೇಲಿರುವ ಬೆಳಕನ್ನು ಕೈಯಾರೆ ಆರಿಸುವುದೆಂದರೆ ಅವ್ವನ ಲೆಕ್ಕದಲ್ಲಿ ಏನೆಂದು ಬಲ್ಲವನು ನಾನು. ಆ ಕೈಯನ್ನು ನೋಡುತ್ತಿದ್ದೆ. ಹೆಬ್ಬೆರಳು ಮೊದಲ ಸಲ ಜಾರಿತು. ಎರಡನೆಯ ಸಲ ಟ್ಯೂಬ್‌ಲೈಟ್ ಆರಿತು.

ಆಮೇಲೆ ಅವ್ವ ಸ್ಟೂಲನ್ನು ಎಳೆದುಕೊಂಡು ಹೋಗಿ ಆ ಸಣ್ಣ ದೀಪದ ಕೆಳಗೆ ಕೂತಳೆಂದು ಸದ್ದಿನಿಂದ ತಿಳಿದೆ.

"ಇದ ಮುಟ್ಬೋದಾ ಸಿಸ್ಟರ್?"

"ಮುಟ್ಟಿ. ಪೂರ್ತಿ ಎಡಕ್ಕೆ ಮಾತ್ರ ತಿರುಗಿಸ್ಬೇಡಿ, ಆರೋಯ್ತದೆ."

"ಅಂಗಾರೆ ನಾ ಮುಟ್ಟಲ್ಲ. ನೀವೂ ಮುಟ್ಬ್ಯಾಡಿ."

ನೋವಿನ ನಡುವೆ ನನ್ನ ಹೆಂಡತಿ ನಕ್ಕಳು. ಅದನ್ನು ನಾನು ನೋಡಿದ್ದೇನೆ. ದವಡೆಯ ಬಿಗಿ ಬಿಟ್ಟಿತ್ತು, ಉಸಿರು ಮತ್ತೆ ಉದ್ದವಾಗಿತ್ತು.

ಡಾಕ್ಟರಮ್ಮ ಟಾರ್ಚು ಹಿಡಿದು ಒಳಗೆ ಹೋದರು. ಬೆಳಕಿನಿಂದಲೇ ಹೆರಿಗೆ ಸಲೀಸಾಯಿತು ಎಂದು ನಾನು ಹೇಳಲಾರೆ. ಎರಡನೆಯದು ಬೇಗ ಆಗುವುದೇ ಹೆಚ್ಚು ಎಂದು ಅವರೇ ಆಮೇಲೆ ಹೇಳಿದರು. ಇಂಜೆಕ್ಷನ್ನೂ ಕೊಟ್ಟಿದ್ದರು, ಅವರ ಕೈಗುಣವೂ ಇತ್ತು. ನನಗೆ ಗೊತ್ತಿರುವುದು ಇಷ್ಟು: ಡ್ರಮ್ಮಿನ ಅಂಚನ್ನು ಹಿಡಿದುಕೊಂಡು ನಿಂತಿದ್ದೆ, ಒಳಗೆ ಸಣ್ಣದೊಂದು ಕೆಮ್ಮಿನಂಥ ಸದ್ದಾಯಿತು, ಆಮೇಲೆ ಅದು ಅಳುವಾಯಿತು.

"ಅತ್ತೆ, ಅಳ್ತಾ ಅದಾ?" ಎಂದು ಹೆಂಡತಿ ಕೇಳಿದಳು. "ಇಲ್ಲ ನಂಗೊಬ್ಳಿಗೇ ಇಂಗೆ ಕೇಳ್ತಾ ಅದಾ?"

"ನಂಗೂ ಕೇಳ್ತಾ ಅದೆ ಕಣವ್ವ," ಎಂದಳು ಅವ್ವ. "ಚೆನ್ನಾಗೇ ಕೇಳ್ತಾ ಅದೆ."

ಮಗಳಿಗೆ ಈಗ ಹಲ್ಲು ಬರುತ್ತಿದೆ. ಇದನ್ನು ಕಂಡವರೆಲ್ಲ ಬದುಕಿದ್ದಾರೆ. ನರ್ಸು ಯಳಂದೂರಿನ ಕಡೆ ಕೆಲಸಕ್ಕೆ ಸೇರಿದ್ದಾರೆ. ಡಾಕ್ಟರಮ್ಮ ಅಲ್ಲೇ ಇದ್ದಾರೆ, ಆದರೆ ಅವರು ಒಳಗೆ ಬಂದದ್ದು ಲೈಟು ಆರಿದ ಮೇಲೆ. ಅವ್ವ ಇದ್ದಾಳೆ, ಕೇಳಿದರೆ, ಲೈಟು ಆರಿಸಿದ್ದು ನರ್ಸು, ತಾನಲ್ಲ ಎನ್ನುತ್ತಾಳೆ. ನನ್ನ ಹೆಂಡತಿ ಇದ್ದಾಳೆ. ಅವಳ ಕಣ್ಣು ಆಗ ಮುಚ್ಚಿತ್ತೆಂದು ಅವ್ವ ವಾದಿಸುತ್ತಾಳೆ. ಸ್ವಿಚ್ಚಿನ ಸದ್ದಿಗೆ ಕಣ್ಣು ತೆರೆದೆ, ಅತ್ತೆಯ ಕೈ ಇನ್ನೂ ಗೋಡೆಯ ಮೇಲೇ ಇತ್ತು ಎಂದು ಅವಳು ಹೇಳುತ್ತಾಳೆ.