ಓರೆ ತಿರುಪಿಗೆ ನೇರ ಕಂಬ

ಕಟ್ಟಿಸುವ ಹಲ್ಲು ತಯಾರಿಸುವ ಆ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಮಿಲ್ಲಿಮೀಟರ್ ಅಕ್ಕ ಎಂದು. ಚಹಾಕ್ಕೆ ಸಕ್ಕರೆಯನ್ನೂ ಅಳೆದೇ ಹಾಕುತ್ತಾಳೆ ಎಂದು ಕಿಚಾಯಿಸುತ್ತಿದ್ದರು. ಡಾಕ್ಟರು ದವಡೆಯೊಳಗೆ ಕೂರಿಸಿದ ತಿರುಪಿಗೂ ಮೇಲೆ ಕಾಣುವ ಹಲ್ಲಿಗೂ ನಡುವೆ ಒಂದು ಪುಟ್ಟ ಲೋಹದ ಕಂಬ ನಿಲ್ಲುತ್ತದೆ. ಅಬಟ್‌ಮೆಂಟ್ ಅನ್ನುತ್ತಾರೆ. ಅದನ್ನು ಆರಿಸಿ, ಒಸಡಿನ ಎತ್ತರಕ್ಕೆ ಉಜ್ಜಿ ಹೊಂದಿಸುವುದು ಹನ್ನೊಂದು ವರ್ಷದಿಂದ ಅವಳ ಕೆಲಸ.

ಪಕ್ಕದ ಬೀದಿಯ ಡಾಕ್ಟರು ತಿರುಪನ್ನು ಸದಾ ಓರೆಯಾಗಿಯೇ ಕೂರಿಸುವವರು. ಅವಳು ಬಾಗಿದ ಕಂಬ ಹುಡುಕಿ, ಆ ಓರೆ ಯಾರ ಕಣ್ಣಿಗೂ ಬೀಳದಂತೆ ಮುಚ್ಚುತ್ತಿದ್ದಳು. ಹೋದ ತಿಂಗಳು ಒಬ್ಬರ ಹಲ್ಲು ಅಲುಗಾಡಿದಾಗ ಅದೇ ಡಾಕ್ಟರು ಲ್ಯಾಬಿಗೆ ಫೋನ್ ಮಾಡಿ, "ತಪ್ಪು ನಿಮ್ಮ ಲ್ಯಾಬಿನ ಹೆಂಗಸಿನದು. ಅವಳ ಕಣ್ಣು ಮಂಜಾಗಿದೆ" ಎಂದುಬಿಟ್ಟರು.

"ಇನ್ನೊಂದು ದೂರು ಬಂದ್ರೆ ನಿನ್ನನ್ನ ಬರೀ ಪಾಲಿಶ್ ಮಾಡೋ ಮೇಜಿಗೆ ಹಾಕ್ಬೇಕಾಗುತ್ತಮ್ಮ," ಎಂದರು ಲ್ಯಾಬಿನ ಯಜಮಾನರು.

ರಾತ್ರಿ ಮನೆಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ದರ್ಜಿ ಕೆಲಸದ ಗಂಡ ಗುಂಡಿ ಹೊಲಿಯುತ್ತಾ ನಕ್ಕ. "ನೋಡೇ, ಗಿರಾಕಿ ಭುಜ ಜೋಲಿದ್ರೆ ನಾನು ಒಳಗೆ ಹತ್ತಿ ತುಂಬ್ತೀನಿ. ಆಮೇಲೆ ಕನ್ನಡಿ ಮುಂದೆ ನಿಂತು ನನ್ನನ್ನೇ ಬೈತಾನೆ."

"ಒಂದ್ಸಲ ಹತ್ತಿ ತುಂಬದೇ ಕೊಡಿ," ಅಂದಳು. ಅವಳು ನಗಲಿಲ್ಲ.

ವಾರದೊಳಗೆ ಅದೇ ಡಾಕ್ಟರಿಂದ ಇನ್ನೊಂದು ಅಳತೆ ಬಂತು. ಮೇಲ್ಸಾಲಿನ ಮುಂದಿನ ಹಲ್ಲು. ಪ್ಲಾಸ್ಟರ್ ಎರೆದು ಅಚ್ಚು ತೆಗೆದರೆ, ತಿರುಪು ತುಟಿಯ ಕಡೆಗೆ ಇಪ್ಪತ್ತೈದು ಡಿಗ್ರಿ ವಾಲಿತ್ತು. ರೋಗಿ ಮಾಡಿದ ಪಾಪವೇನು? ಅವಳು ಬಾಗಿದ ಕಂಬವನ್ನೇ ಆರಿಸಿ, ಎರಡು ದಿನ ಕೂತು, ಕೂದಲೆಳೆಯ ವ್ಯತ್ಯಾಸವೂ ಬಾರದಂತೆ ಉಜ್ಜಿ, ಹಲ್ಲಿನೊಂದಿಗೆ ಡಬ್ಬಿಯಲ್ಲಿಟ್ಟಳು. ಅಚ್ಚಿನ ಮೇಲೆ ಮಾತ್ರ ಬೇಕೆಂದೇ ಒಂದು ನೇರ ಕಂಬ ಬಿಗಿದು, ತಾನೇ ಹೊತ್ತುಕೊಂಡು ದವಾಖಾನೆಗೆ ಹೋದಳು.

ಕುರ್ಚಿಯಲ್ಲಿ ಆ ಹಲ್ಲು ಕಟ್ಟಿಸಿಕೊಳ್ಳಬೇಕಿದ್ದ ನಿವೃತ್ತ ಹೆಡ್‌ಮಿಸ್ಸು ಒರಗಿದ್ದರು. ಡಾಕ್ಟರು ಅಚ್ಚು ನೋಡಿ ಹುಬ್ಬು ಗಂಟಿಕ್ಕಿದರು. "ಇದೇನಮ್ಮ, ಕಂಬ ತುಟಿಗೆ ತಿವಿಯೋ ಹಾಗಿದೆ? ನೋಡಿ ಮೇಡಂ, ಲ್ಯಾಬಿನವರ ಕೆಲಸ."

"ಅದು ನೇರವಾದ ಕಂಬ ಸಾರ್. ತಿರುಪು ತೋರಿಸಿದ ಕಡೆಗೇ ನಿಂತಿದೆ."

ಹೆಡ್‌ಮಿಸ್ಸು ಅಚ್ಚನ್ನು ಕಸಿದು, ಕನ್ನಡಕ ಏರಿಸಿ, ತಪ್ಪು ಲೆಕ್ಕ ನೋಡುವಂತೆ ನೋಡಿದರು. "ತಿರುಪು ಹಾಕಿದ್ದು ಯಾರಪ್ಪಾ? ನೀನೇ ಅಲ್ವಾ?"

ಡಾಕ್ಟರ ಕಿವಿ ಕೆಂಪಾಯಿತು. "ಸ್ವಲ್ಪ ಓರೆಯಾಗಿದೆ ಮೇಡಂ."

ಅವಳು ಆಗಲೇ ಲ್ಯಾಬಿನ ಯಜಮಾನರಿಗೆ ಫೋನ್ ಹಚ್ಚಿ ಮುಂದೆ ಹಿಡಿದಿದ್ದಳು. "ಅದನ್ನೇ ಇವ್ರಿಗೂ ಹೇಳಿ ಸಾರ್. ಸರಿಯಾದ ಕಂಬ ನನ್ನ ಹತ್ರ ಇದೆ."

ಡಾಕ್ಟರು ಹಲ್ಲು ಕಚ್ಚಿಕೊಂಡು ಹೇಳಿದರು. ಡಬ್ಬಿಗೆ ಕೈ ಚಾಚಿದರು. ಅವಳು ಕೊಡಲಿಲ್ಲ.

"ಹೋದ ತಿಂಗಳಿನದು?"

ಅದರ ತಿರುಪೂ ತಾವೇ ಓರೆಯಾಗಿ ಕೂರಿಸಿದ್ದು ಎಂದು ಫೋನಿಗೆ ಹೇಳಿದರು. ಅವಳು ಆತುರಪಡದೆ, ಕೊನೆಯ ಮಾತಿನವರೆಗೂ ಅವರ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡಳು. ಆಮೇಲೆ ಡಬ್ಬಿ ಕೊಟ್ಟಳು.