ಮಾವ ಬಂದ ಮೇಲೆ ಊಟ

ಬೆಳಗ್ಗೆ ಹಂಡೆಗೆ ನೀರು ತುಂಬಿ, ಒಲೆಗೆ ತೆಂಗಿನ ಮಡಲು ನೂಕಿ, ಕುಚ್ಚಲಕ್ಕಿ ಗಂಜಿ ಇಳಿಸುವುದು. ಐವತ್ತರ ದಶಕದ ಕೊನೆಯಲ್ಲಿ, ಅತ್ತಾವರದ ಬಾಡಿಗೆ ಮನೆಯಲ್ಲಿ ನನ್ನ ದಿನ ಹೀಗೆ ಶುರುವಾಗುತ್ತಿತ್ತು. ಆ ದಿನವೂ ಅತ್ತೆಯ ಬಟ್ಟಲಿಗೆ ಗಂಜಿ ಬಡಿಸಿ, ಅಂಚಿನಲ್ಲಿ ಮಾವಿನ ಮಿಡಿ ಇಟ್ಟೆ. ಅವರು ಮುಟ್ಟಲಿಲ್ಲ.

"ಅವರು ಬರಲಿ."

ಮಾವ ತೀರಿಕೊಂಡು ಕೆಲವು ಮಳೆಗಾಲ ಕಳೆದಿತ್ತು. ಅತ್ತೆಯ ನೆನಪಿನಿಂದ ಆ ಸಾವು ಜಾರಿಹೋಗಿ, ಗಂಡ ಉಣ್ಣದೆ ತಾನು ಉಣ್ಣಬಾರದೆಂಬುದು ಮಾತ್ರ ಉಳಿದಿತ್ತು. ಹಿಂದಿನ ದಿನವೂ ಅವರು ಉಪವಾಸ. ರವಕೆಯ ತೋಳು ಸಡಿಲವಾಗಿ ನೇತಾಡುತ್ತಿತ್ತು.

ನನ್ನ ಗಂಡ ಬಲ್ಮಠದ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಕಲಿಸುವವರು. ಸುಳ್ಳು ಹೇಳಿ ಉಣಿಸಿದರೆ ಅದು ಅಮ್ಮನಿಗೆ ಅವಮಾನ ಎಂಬುದು ಅವರ ವಾದ. ಶರ್ಟಿನ ಗುಂಡಿ ಹಾಕುತ್ತಲೇ ಅಮ್ಮನ ಎದುರು ಕೂತರು.

"ಮಾಯ್, ಪಪ್ಪನನ್ನು ಮಣ್ಣು ಮಾಡುವಾಗ ನೀವೂ ಇದ್ದಿರಿ. ಸತ್ತವರು ಊಟಕ್ಕೆ ಬರ್ತಾರಾ? ನೀವೇ ಹೇಳಿ."

"ಯಾವಾಗ? ನನಗೆ ಯಾಕೆ ಹೇಳಲಿಲ್ಲ?" ಎಂದು ಅತ್ತೆ ಎದೆ ಬಡಿದುಕೊಂಡು ಅತ್ತರು, ಸುದ್ದಿ ಆಗಷ್ಟೇ ಮುಟ್ಟಿದವರ ಹಾಗೆ. ಆ ವಾರ ಅದು ಎಷ್ಟನೆಯ ಸಲವೋ. ಗಂಜಿ ತಣ್ಣಗಾಗಿ ಕೆನೆ ಕಟ್ಟಿತು.

"ನೋಡು, ಅರ್ಥ ಆಯ್ತು ಅವರಿಗೆ," ಎಂದರು ಇವರು ನನಗೆ.

"ಅರ್ಥ ಆಯ್ತು. ಹೊಟ್ಟೆಗೆ ಎಂತ ಹೋಯ್ತು?"

"ಹಾಗಾದ್ರೆ ನೀನೇ ಸುಳ್ಳು ಹೇಳು. ಕಾನ್ವೆಂಟಿನಲ್ಲಿ ಕಲಿತವಳು!"

ಸುಳ್ಳು ಹೇಳಲು ನನ್ನಿಂದಲೂ ಆಗದು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಬರುವುದಿಲ್ಲ, ಇವತ್ತಿಗೂ. ಆದರೆ ಕೇಳಿದ ಪ್ರತಿ ಸಲ ಹೊಸದಾಗಿ ವಿಧವೆಯಾಗುವವರಿಗೆ ಆ ನಿಜದಿಂದ ಎಂತ ಉಪಯೋಗ ಎಂದು ಪಾತ್ರೆ ತಿಕ್ಕುತ್ತಾ ಯೋಚಿಸಿದೆ. ಮರೆತವರು ಹೆಡ್ಡರೋ, ನೆನಪಿಸುವವರು ಹೆಡ್ಡರೋ, ಬಗೆಹರಿಯಲಿಲ್ಲ. ಸೊಂಟ ನೋಯುತ್ತಿತ್ತು. ಯೋಚಿಸುವುದೂ ಸಾಕೆನಿಸಿತು.

ಸಂಜೆ ಹಿತ್ತಿಲಿನ ಬಟ್ಟೆ ತೆಗೆದು ಒಳಗೆ ಬಂದರೆ, ಅತ್ತೆ ಉಣ್ಣುತ್ತಿದ್ದರು. ಕಾಲೇಜಿನಿಂದ ಬಂದ ಇವರು, ಅಂಗಿಯನ್ನೂ ಬದಲಿಸದೆ, ಪಕ್ಕದಲ್ಲಿ ಕೂತು ಮೀನಿನ ಮುಳ್ಳು ಬಿಡಿಸಿಕೊಡುತ್ತಿದ್ದರು. ನನ್ನ ಕಡೆ ನೋಡಲಿಲ್ಲ.

ಉಳಿದ ಬಟ್ಟೆಗೆಂದು ಮತ್ತೆ ಹೊರಗೆ ಹೋದಾಗ ಪಾಗಾರದ ಗೋಡೆಯ ಆಚೆಯಿಂದ ಪಕ್ಕದ ಬಿಡಾರದ ತುಳು ಹೆಂಗಸು ಕರೆದರು. ಆ ವಾರವಷ್ಟೇ ಬಂದವರು, ನಮ್ಮ ಮನೆಯ ಸಂಗತಿ ತಿಳಿಯದವರು.

"ಬಾಯಮ್ಮ, ನಿಮ್ಮ ಮಾವ ಇವತ್ತು ತೊಕ್ಕೊಟ್ಟಿನಲ್ಲೇ ಉಳಿದ್ರಂತಲ್ಲ? ಅಲ್ಲೇ ಊಟ ಆಯ್ತಂತೆ, ನೀವು ಉಣ್ಣಿ ಅಂತ ನಿಮ್ಮವರು ಜಗಲಿಯಲ್ಲಿ ಅಮ್ಮನಿಗೆ ಹೇಳ್ತಾ ಇದ್ರು. ಒಳ್ಳೆದಾಯ್ತು ಮಾರಾಯ್ರೆ, ಈ ಸೆಕೆಗೆ ಪ್ರಾಯ ಆದವರು ಹೊಳೆ ದಾಟಿ ಬರುವುದು ಬೇಡ."