ಬಂಗಲೆಯ ಗೋಡೆ ಒಲೆ

ಐವತ್ತರ ದಶಕದ ಮಾತು. ಮದುವೆಯಾದ ವರ್ಷ ನಮ್ಮ ಯಜಮಾನರಿಗೆ ಹಂಗಳದ ಹತ್ತಿರ ಕಾಡಿನ ಕೆಲಸ. ಇರಲು ಬಿಳಿ ದೊರೆಗಳ ಕಾಲದ ಹಳೇ ಬಂಗಲೆ. ಚಾಮರಾಜನಗರದ ಅತ್ತೆಮನೆಯಲ್ಲಿ ಹದಿನೆಂಟು ಜನ. ಅಲ್ಲಿಂದ ತಪ್ಪಿಸಿಕೊಂಡು ಬಂದ ನನಗೆ ಆ ಬಂಗಲೆಯೇ ಅರಮನೆ. ನಡುಮನೆಯ ಗೋಡೆಯೊಳಗೆ ಚಳಿ ಕಾಯಿಸಲು ದೊಡ್ಡದೊಂದು ಒಲೆ ಇತ್ತು. ಇಟ್ಟಿಗೆ ಕಳಚಿಕೊಂಡಿತ್ತು, ಹೊಗೆಗೂಡಿನ ತುಂಬ ಗುಬ್ಬಚ್ಚಿ ಕಸ.

ಮಾರ್ಗಶಿರದ ಚಳಿಗೆ ಸರಿಯಾಗಿ ಅತ್ತೆ ಬಂದಿಳಿದರು. ಎರಡು ಕಂಬಳಿ ಹೊದ್ದು ಕೂತು ಮಗನಿಗೆ ತೀರ್ಪು ಕೊಟ್ಟರು: "ಇದೂ ಒಂದ್ ಮನೆಯೇನ್ಲಾ? ಆ ಒಲೆ ಸರಿ ಮಾಡ್ಸು. ಇಲ್ದಿದ್ರೆ ಸೊಸೆನ ಕರ್ಕೊಂಡ್ ಹೊಂಟೋಯ್ತೀನಿ. ನೀನು ಆನೆ ಜೊತೆ ಸಂಸಾರ ಮಾಡ್ಕೊ."

ನಾನು ಹೋಗುವುದೇ? ಮತ್ತೆ ಆ ಹದಿನೆಂಟು ಜನರ ನಡುವೆಯೇ? ಮರುದಿನವೇ ತೆರಕಣಾಂಬಿಯಿಂದ ಗಾರೆಯವನನ್ನು ಕರೆಸಿದೆ. ಅವನು ಕಸ ಇಳಿಸಿ, ಬಿರುಕಿಗೆಲ್ಲ ಬೆಲ್ಲದ ನೀರು ಬೆರೆಸಿದ ಸುಣ್ಣದ ಗಾರೆ ಮೆತ್ತಿದ. "ಒಂದ್ವಾರ ಒಣಗ್ಲಿ ಕಣವ್ವ, ಬೆಂಕಿ ಸೋಕಿಸ್ಬ್ಯಾಡಿ" ಎಂದು ಹೋದ. ಆ ವಾರವೆಲ್ಲ ಅತ್ತೆ ದಿನಕ್ಕೆರಡು ಸಲ ಒಲೆಯೊಳಗೆ ಬಗ್ಗಿ ನೋಡುತ್ತಿದ್ದರು. ಹುಳುಕು ಹುಡುಕುತ್ತಿದ್ದಾರೆ ಎಂದು ನಾನು ಒಳಗೊಳಗೇ ಉರಿದುಕೊಂಡೆ.

ವಾರ ಕಳೆದು ಗಾರೆಯವನು ಬಂದ. ಹೊಸ ಒಲೆಯೆಂದರೆ ಮೊದಲು ಹಾಲು ಉಕ್ಕಿಸಬೇಕಲ್ಲ! ಮೂರು ಕಲ್ಲಿಟ್ಟು, ವಿಭೂತಿ ಬಳಿದು, ಹಾಲಿನ ಪಾತ್ರೆಯಿಟ್ಟು ಬೆಂಕಿ ಹಚ್ಚಿದೆವು. ಹಾಲು ಉಕ್ಕುವ ಮೊದಲೇ ಮನೆಯೆಲ್ಲ ಹೊಗೆ. ಕೆಮ್ಮುತ್ತಾ ಎಲ್ಲರೂ ಅಂಗಳಕ್ಕೆ ಓಡಿದೆವು. ನನಗೋ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಏನಯ್ಯಾ ಇದು, ನನ್ನ ಸಂಸಾರವನ್ನೇ ಹಾಳು ಮಾಡಿಬಿಟ್ಟೆಯಲ್ಲ!" ಎಂದು ಗಾರೆಯವನ ಮೇಲೆ ಹರಿಹಾಯ್ದೆ.

ಅವನಿಗೂ ರೋಷ ಬಂತು. ಬೆಂಕಿ ಆರಿಸಿ, ಗಳ ತಂದು ಹೊಗೆಗೂಡಿನೊಳಗೆ ತಿವಿದ. ಧೊಪ್ಪನೆ ಒಂದು ಗೋಣಿಗಂಟು ಬಿತ್ತು. ಬಿಚ್ಚಿದರೆ ಜೋಳದ ತೆನೆ!

"ನಂದೇ ಕಣಮ್ಮಿ," ಎಂದರು ಅತ್ತೆ, ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ. "ಬಿತ್ನೆ ಬೀಜ. ಹೊಗೆ ತಾಕುದ್ರೆ ಹುಳ ಬೀಳಕಿಲ್ಲ ಅಂತ ಒಳಗ್ಲ ಕಂಬಿಗೆ ಕಟ್ಬುಟ್ಟೆ. ನಮ್ಮನೇಲಿ ಒಲೆ ಮ್ಯಾಲೇ ಅಲ್ವಾ ಕಟ್ಟದು?"

"ನನ್ನನ್ನ ಚಾಮರಾಜನಗರಕ್ಕೆ ಕರ್ಕೊಂಡೋಗೋರು ಬೀಜ ಇಲ್ಯಾಕೆ ಕಟ್ಟಿದ್ರಿ ಅತ್ತೆ?"

ಅವರು ನನ್ನ ಮುಖ ನೋಡಲಿಲ್ಲ. "ಮಳೆ ಬಿದ್ದಾಗ ನಿನ್ ಹಿತ್ಲಿಗೆ ಬ್ಯಾಡ್ವಾ? ಓಗು, ಇನ್ನೊಂದ್ಸಲ ಹಾಲು ಇಡು."

ನಾನು ಕಣ್ಣೊರೆಸಿಕೊಳ್ಳುತ್ತಾ ಒಳಗೆ ಓಡಿದೆ. ಹೊಗೆಗೆ ಕಣ್ಣು ಉರಿಯುತ್ತಿದೆ ಎಂದು ಗಾರೆಯವನು ಅಂದುಕೊಂಡಿರಬೇಕು.